ಬಾಗಿಲಿಗೊಂದು ಮನೆ

ಹೊಳೆಯಂಚಿನ ಓಣಿಯಲ್ಲಿ ಆಗ ಮನೆಯೆಂಬುದು ಒಂದೂ ಇರಲಿಲ್ಲ. ಬಾಗಿಲು ಮಾತ್ರ ಒಂದಿತ್ತು. ಅದು ಚೌಕಟ್ಟು, ಚಿಲಕಗಳ ಸಮೇತ ಮೇಸ್ತ್ರಿಯ ಗುಡಾರಕ್ಕೆ ಒರಗಿಕೊಂಡು, ಹೆಣ್ಣು ಸಿಗದೆ ವಯಸ್ಸು ಮೀರಿದ ಗಂಡಿನಂತೆ ಕಾಯುತ್ತಿತ್ತು.

ನೆರೆ ಬಂದ ದಿನ ಓಣಿಯ ಮಣ್ಣಿನ ಗೋಡೆಗಳು ನೀರಿಗೆ ಬಿದ್ದ ಬೆಲ್ಲದ ಹಾಗೆ ಕರಗಿದ್ದವು. ಪಾತ್ರೆ, ಹಾಸಿಗೆ, ಆಡು, ಹೊಲಿಗೆ ಯಂತ್ರ, ಯಾವುದನ್ನೂ ಹೊಳೆ ಬೇಡವೆನ್ನಲಿಲ್ಲ. ಮೇಸ್ತ್ರಿಯ ಅತ್ತೆಯನ್ನೂ ಹೊತ್ತುಕೊಂಡು ಹೋಯಿತು. ಆದರೆ ಮುದುಕಿ ಕಿತ್ತು ಬಂದಿದ್ದ ತನ್ನ ಮನೆಯ ಬಾಗಿಲನ್ನೇ ಏರಿ ಕುಳಿತು, ಚಿಲಕವನ್ನು ಎರಡೂ ಕೈಯಲ್ಲಿ ಹಿಡಿದು, ಹೊಳೆಯ ಹುಟ್ಟನ್ನೇ ಜಾಲಾಡಿ ಬಯ್ಯುತ್ತ ತೇಲಿಹೋಗಿ, ಕೆಳಗಿನ ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡಿದ್ದಳು. ಇಳಿಸಿಕೊಳ್ಳಲು ಬಂದವರಿಗೆ, ಮೊದಲು ಬಾಗಿಲು ಇಳಿಸಿ, ಆಮೇಲೆ ನಾನು ಎಂದಳಂತೆ. ಬಾಗಿಲೂ ಬಾಯೊಳಗಿನ ಹಲ್ಲಿನ ಸೆಟ್ಟೂ ಬಿಟ್ಟರೆ ಆ ಸಂಸಾರಕ್ಕೆ ಬೇರೆ ಆಸ್ತಿ ಉಳಿಯಲಿಲ್ಲ. ಹೇಗೆ ಬದುಕಿದೆ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ:

"ಹೊಳೆಗೂ ನನ್ನ ಬಾಯಿ ತಡ್ಕೊಳ್ಳೋಕೆ ಆಗಲಿಲ್ಲ. ಉಗಿದುಬಿಡ್ತು."

ಗುಡಾರಗಳು ಹಗಲು ಬಾಣಲೆಯಂತೆ ಕಾಯುತ್ತಿದ್ದವು, ಬೆಳಗಿನ ಜಾವ ಒಳಗಿನಿಂದಲೇ ತೊಟ್ಟಿಕ್ಕುತ್ತಿದ್ದವು. ಒಬ್ಬರ ಗೊರಕೆ ಇಡೀ ಓಣಿಯ ಗೊರಕೆ, ಒಬ್ಬರ ಜಗಳ ಇಡೀ ಓಣಿಯ ಮನರಂಜನೆ. ಎಲ್ಲಕ್ಕಿಂತ ಕಷ್ಟದ್ದು ಹೆಂಗಸರ ಸ್ನಾನ. ಇದ್ದದ್ದು ಆ ಒಂದು ಬಾಗಿಲು. ಇಬ್ಬರು ಅದನ್ನು ಎತ್ತಿ ಹಿಡಿದು ನಿಂತರೆ ಮೂರನೆಯವಳು ಅದರ ಮರೆಯಲ್ಲಿ ಮೈಮೇಲೆ ನಾಲ್ಕು ಚೊಂಬು ನೀರು ಸುರಿದುಕೊಳ್ಳುವಳು. ಆ ಹೊತ್ತಿನಲ್ಲಿ ಗಂಡಸರೆಲ್ಲ ಹೊಳೆಯ ಕಡೆ ಮುಖ ಮಾಡಿ ಕೂರಬೇಕೆಂಬುದು ಓಣಿಯ ಕಾನೂನು. ಗಾಳಿಗೆ ಮಾತ್ರ ಆ ಕಾನೂನು ಗೊತ್ತಿರಲಿಲ್ಲ. ಒಂದು ದಿನ ಅದು ಬಾಗಿಲನ್ನು ಹಿಡಿದಿದ್ದವರ ಸಮೇತ ಕೆಡವಿತು. ಮರೆಯಲ್ಲಿದ್ದ ಮೀನಿನವಳು ಸೋಪಿನ ನೊರೆಯನ್ನೇ ಸೀರೆಯೆಂದುಕೊಂಡು ಗುಡಾರಕ್ಕೆ ಓಡಬೇಕಾಯಿತು. ಓಣಿ ನಕ್ಕಿತು, ಅವಳೂ ನಕ್ಕಳು. ಆಮೇಲೆ ಆ ದಿನವಿಡೀ ಗುಡಾರದಿಂದ ಹೊರಗೆ ಬರಲಿಲ್ಲ.

ಮೇಸ್ತ್ರಿ ಮನೆಯಳಿಯ. ಊರಿಗೆಲ್ಲ ಗೋಡೆ ಎಬ್ಬಿಸಿದವನು ತನಗೊಂದು ಸೂರು ಮಾಡಿಕೊಳ್ಳದೆ ಅತ್ತೆಯ ಮಣ್ಣಿನ ಮನೆಯಲ್ಲೇ ಕಾಲ ಹಾಕಿದ್ದನೆಂಬುದು ಅತ್ತೆಗೆ ಬಯ್ಯಲು ಬೇಕಾದಾಗಲೆಲ್ಲ ಒದಗುತ್ತಿದ್ದ ವಿಷಯ. ಆ ಮನೆಗೆ ಅವನು ಮಾಡಿದ್ದೆಂದರೆ, ಬೇರೆಯವರ ಕೆಲಸದಲ್ಲಿ ಮಿಕ್ಕ ಕಲ್ಲುಗಳನ್ನು ಒಂದೊಂದಾಗಿ ತಂದು ಪಾಯ ಕಟ್ಟಿದ್ದು. ಹೊಳೆ ಗೋಡೆ ತಿಂದಿತು, ಪಾಯವನ್ನು ಅಗಿಯಲಾಗಲಿಲ್ಲ. ಗುಡಾರದ ಹಿಂದೆ ಅದು ಹಾಗೆಯೇ ನಾಲ್ಕು ಮೂಲೆ ತೋರಿಸಿಕೊಂಡು ಬಿದ್ದಿತ್ತು.

ಮುಂದಿನ ಮಳೆಗೆ ಮೊದಲು ಆ ಪಾಯದ ಮೇಲೆ ಬಾಗಿಲು ನಿಲ್ಲಿಸಿಕೊಡುತ್ತೇನೆಂದು ಮೇಸ್ತ್ರಿ ಅತ್ತೆಗೆ ಮಾತು ಕೊಟ್ಟಿದ್ದ. ಅವಳು ಕೇಳಿದ್ದೂ ಅಷ್ಟೇ.

"ಅಳಿಯಂದಿರೇ, ನನಗೆ ಅರಮನೆ ಬೇಡ. ಒಳಗಿಂದ ಚಿಲಕ ಹಾಕ್ಕೊಂಡು ಮಲಗೋ ಒಂದು ಜಾಗ ಬೇಕು. ಈ ಗುಡಾರದಲ್ಲಿ ಸತ್ತೆ ಅನ್ನಿ, ಬಟ್ಟೆ ಜೊತೆ ನನ್ನನ್ನೂ ಮಡಚಿಬಿಡ್ತಾರೆ."

ಅಂಥ ಹೊತ್ತಿನಲ್ಲಿ ಪರಿಹಾರ ಸಂಸ್ಥೆ ಬಂತು. ಬಿಸಿಲು ಸುಡುತ್ತಿದ್ದಾಗ ಕಂಬಳಿ ಕೊಟ್ಟಿತು, ನೀರು ಹಿಡಿದಿಡಲು ಪಾತ್ರೆಯಿಲ್ಲದವರಿಗೆ ಕೈ ತೊಳೆಯುವ ವಿಧಾನ ಕಲಿಸಿತು. ಸುಳ್ಳೇಕೆ ಹೇಳಬೇಕು, ವಾರವಾರ ರೇಷನ್ನನ್ನೂ ಕೊಟ್ಟಿತು. ಅದರ ಸಂಯೋಜಕನಾಗಿ ಬಂದ ಯುವಕನ ಜಾಕೀಟಿಗೆ ಎದೆ, ಹೊಟ್ಟೆ, ತೋಳು, ಬೆನ್ನು ಎಲ್ಲೆಲ್ಲಿಯೂ ಜೇಬುಗಳು. ಇಷ್ಟು ಜೇಬುಗಳಲ್ಲಿ ಏನಿದ್ದೀತೆಂದು ಓಣಿ ಕೆಲವು ದಿನ ಆಸೆಯಿಂದ ನೋಡಿತು. ಏನೂ ಹೊರಬರದಾಗ ಅವನಿಗೆ ಜಾಕೀಟು ಎಂದೇ ಹೆಸರಿಟ್ಟು ಸುಮ್ಮನಾಯಿತು.

ಜಾಕೀಟು ಪಾಯವನ್ನು ನೋಡಿದ, ಬಾಗಿಲನ್ನು ನೋಡಿದ, ಮುದುಕಿಯನ್ನು ನೋಡಿದ. ಅವನ ಕಣ್ಣು ಅರಳಿತು. ಇಲ್ಲೇ ಮಾದರಿ ಮನೆ ಎಂದ. ಮೇಸ್ತ್ರಿಯೇ ಕಟ್ಟಲಿ, ಕೂಲಿ ಸಂಸ್ಥೆಯದು. ಇದು ಎದ್ದರೆ ಸಾಲಾಗಿ ಓಣಿಯ ಎಲ್ಲ ಮನೆಗಳೂ ಏಳುತ್ತವೆ ಎಂದ. ಮರುವಾರ ಲಾರಿಯಲ್ಲಿ ಇಟ್ಟಿಗೆ ಬಂತು, ಸಿಮೆಂಟಿನ ಮೂಟೆಗಳು ಬಂದವು. ಮೂಟೆಗಳನ್ನು ಕಾಯುವ ಕೆಲಸ ಅತ್ತೆಗೆ. ಕೂರಲು ಬೇರೇನೂ ಇಲ್ಲದ್ದರಿಂದ ಅವಳು ಅವುಗಳ ಮೇಲೆಯೇ ಕುಳಿತು ಕಾಯತೊಡಗಿದಳು.

ಮೊದಲನೆಯ ಇಟ್ಟಿಗೆ ಇಡಲು ಅತಿಥಿಯೊಬ್ಬ ಬಂದ. ಒಣಗಿ ಬಿರುಕುಬಿಟ್ಟ ನೆಲದಲ್ಲಿ ಮೊಣಕಾಲಿನವರೆಗೆ ರಬ್ಬರ್ ಬೂಟು ತೊಟ್ಟಿದ್ದ. ಮುದುಕಿ ಇಟ್ಟಿಗೆ ಎತ್ತಿ ಕೊಟ್ಟಳು, ಬೂಟಿನವನು ಇಟ್ಟ, ಫೋಟೋದವನು ತೆಗೆದ, ಎಲ್ಲರೂ ಚಪ್ಪಾಳೆ ತಟ್ಟಿದರು. ವಾಹನಗಳು ಹೋದ ಮೇಲೆ ಮೇಸ್ತ್ರಿ ಎರಡನೆಯ ಇಟ್ಟಿಗೆಯನ್ನು ನೀರಿನಲ್ಲಿ ಅದ್ದಿದ. ಜಾಕೀಟು ಅವನ ಭುಜದ ಮೇಲೆ ಕೈಯಿಟ್ಟ.

"ಅವಸರ ಬೇಡ ಮೇಸ್ತ್ರಿ. ಅದನ್ನೂ ತೆಗೆದಿಡಿ. ಮುಂದಿನ ವಾರ ಇನ್ನೊಂದು ತಂಡ ಬರುತ್ತೆ. ಅವರಿಗೂ ಮೊದಲನೇ ಇಟ್ಟಿಗೆ ಇಡೋ ಆಸೆ ಇರಲ್ವಾ?"

"ಅವರು ಎರಡನೇದು ಇಡಲಿ ಸಾರ್."

"ಎರಡನೇ ಇಟ್ಟಿಗೆ ಇಡೋಕೆ ಯಾರು ವಿಮಾನ ಹತ್ತಿ ಬರ್ತಾರೆ?"

ಆಮೇಲೆ ಜಾಕೀಟು ಸಮಾಧಾನವಾಗಿ ವಿವರಿಸಿದ. ಈಗ ನಡೆಯುತ್ತಿರುವುದು ಜಾಗೃತಿಯ ಹಂತವಂತೆ, ಕಟ್ಟುವ ಹಂತ ಅದರ ನಂತರವಂತೆ. ಬಂದವರ ಮನಸ್ಸು ಕರಗಿದರೆ ಓಣಿಗೇ ಲಾಭವಂತೆ. ಇಟ್ಟಿಗೆ ಸುಲಭವಾಗಿ ಎದ್ದು ಬರಬೇಕು, ಆದ್ದರಿಂದ ಸಿಮೆಂಟು ಹಾಕಬೇಡಿ ಎಂದ. ಬರಿ ಮರಳು ಫೋಟೋದಲ್ಲಿ ಕೆಂಪಗೆ ಕಾಣುತ್ತದೆ, ಒಲೆಯ ಬೂದಿ ಬೆರೆಸಿ ಎಂಬ ಉಪಾಯವನ್ನೂ ಅವನೇ ಹೇಳಿಕೊಟ್ಟ. ಕೂಲಿ ಮಾತ್ರ ಇಟ್ಟದ್ದಕ್ಕೂ ಉಂಟು, ತೆಗೆದದ್ದಕ್ಕೂ ಉಂಟು.

ಮೇಸ್ತ್ರಿ ಒಪ್ಪಿಕೊಂಡ. ಒಪ್ಪದೆ ಏನು ಮಾಡುತ್ತಿದ್ದ? ಊರಿನಲ್ಲಿ ಬೇರೆ ಕೆಲಸವಿರಲಿಲ್ಲ. ಮನೆ ಬಿದ್ದವರಿಗೆ ಮನೆ ಕಟ್ಟಿಸುವ ತ್ರಾಣವಿರಲಿಲ್ಲ, ತ್ರಾಣವಿದ್ದವರ ಮನೆ ಬಿದ್ದಿರಲಿಲ್ಲ.

ಹೀಗೆ ಆ ಮನೆಗೆ ಮೊದಲನೆಯ ಇಟ್ಟಿಗೆ ಮೇಲಿಂದ ಮೇಲೆ ಬೀಳತೊಡಗಿತು. ಅತಿಥಿಗಳಿಗೆಲ್ಲ ಅತ್ತೆ ಹೆಸರಿಟ್ಟಳು. ಒಬ್ಬಳು ಕಣ್ಣೀರಿನವಳು. ಅವಳು ಮುದುಕಿಯನ್ನು ತಬ್ಬಿಕೊಂಡು ಎಷ್ಟು ಅತ್ತಳೆಂದರೆ, ಕೊನೆಗೆ ಮುದುಕಿಯೇ ಬೆನ್ನು ಸವರಿ, ನೀನೇನು ಕಳಕೊಂಡೆ ಮಗಳೇ ಎಂದು ವಿಚಾರಿಸಬೇಕಾಯಿತು. ಒಂದೇ ಬಣ್ಣದ ಅಂಗಿ ತೊಟ್ಟು ಬಂದ ಕಂಪನಿಯ ತಂಡವೊಂದು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸಿ, ತಮಗೆ ಒಗ್ಗಟ್ಟಿನ ಪಾಠ ಸಿಕ್ಕಿತೆಂದು ಹೇಳಿ ಬಸ್ಸು ಹತ್ತಿತು. ಅವರಿಗೆ ಅತ್ತೆ ಗಿಳಿಮರಿಗಳೆಂದಳು. ಪ್ರತಿ ಸಲವೂ ಜಾಕೀಟು ಅವಳ ಹತ್ತಿರ ಬಗ್ಗಿ, ಫೋಟೋ ಮುಗಿಯುವವರೆಗೆ ಹಲ್ಲಿನ ಸೆಟ್ಟು ತೆಗೆದಿಡಲು ವಿನಯದಿಂದ ಕೇಳಿಕೊಳ್ಳುತ್ತಿದ್ದ. ಹಲ್ಲಿದ್ದರೆ ಸಂತ್ರಸ್ತೆಯಂತೆ ಕಾಣುವುದಿಲ್ಲವಂತೆ. ಅವಳು ಅದನ್ನು ತೆಗೆದು ಸೊಂಟದ ಚೀಲಕ್ಕೆ ಹಾಕಿಕೊಂಡು, ಬರಿ ಒಸಡಿನಲ್ಲಿ ಜಾಕೀಟಿಗೆ ಏನೋ ಹರಸುತ್ತಿದ್ದಳು. ಆ ಹರಕೆ ಯಾರಿಗೂ ಅರ್ಥವಾಗದಿದ್ದುದು ಒಳ್ಳೆಯದೇ ಆಯಿತು.

ಓಣಿ ಮೊದಮೊದಲು ಚಪ್ಪಾಳೆ ತಟ್ಟುತ್ತಿತ್ತು. ಆಮೇಲೆ ಮಾತು ಚುಚ್ಚತೊಡಗಿತು. ನಮ್ಮ ಮೇಸ್ತ್ರಿಯ ಕೈಗುಣ ದೊಡ್ಡದು, ಕಟ್ಟಿದ ಮನೆಯನ್ನು ಜೇಬಿಗೆ ಹಾಕಿಕೊಂಡು ಹೋಗಬಹುದು ಎಂದು ಗಂಡಸರು ಅವನಿಗೆ ಕೇಳುವ ಹಾಗೆ ಆಡಿಕೊಂಡರು. ಮೀನಿನವಳು ಮುಖಕ್ಕೇ ಹೇಳಿದಳು:

"ಅಣ್ಣಾ, ನಿನ್ನ ಮನೆ ಏಳೋ ತನಕ ನಮ್ಮದು ಏಳಲ್ಲ ಅಂತಾರೆ. ನೀನು ಅದನ್ನ ಏಳೋಕೇ ಬಿಡ್ತಿಲ್ಲ. ನೀನು ನಮ್ಮ ಕಡೆಯೋ, ಇಟ್ಟಿಗೆ ಕಡೆಯೋ?"

ಮೇಸ್ತ್ರಿ ಆ ದಿನದ ಕೂಲಿಯಲ್ಲಿ ತಂದ ಸಾಮಾನಿನ ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡು ಗುಡಾರ ಹೊಕ್ಕ. ಅತ್ತೆ ಆ ದಿನ ಅವನನ್ನು ಬಯ್ಯಲಿಲ್ಲ. ಅದರಿಂದ ಅವನಿಗೆ ಹೆಚ್ಚು ನೋವಾಯಿತು.

ಎಡವಟ್ಟಾದದ್ದು ಮೇಸ್ತ್ರಿಯ ಹೆಂಡತಿಯಿಂದ. ಅವಳು ಮದುವೆಯಾದಾಗಿನಿಂದ ಅವನ ಕೈಯಾಳು. ಗಾರೆಯ ಮಾಲು ಕಲಸುವವಳು ಅವಳು, ಇಟ್ಟಿಗೆ ಇಡುವವನು ಅವನು. ಹೊಸ ಗೋಡೆಗೆ ಬೆಳಗ್ಗೆ ಬೆಳಗ್ಗೆ ನೀರುಣಿಸುವ ಕೆಲಸವೂ ಅವಳದೇ. ಹಸಿ ಮಾಲು ನೀರು ಕುಡಿದಷ್ಟೂ ಗಟ್ಟಿಯಾಗುತ್ತದೆ. ಯಾರ ಯಾರದೋ ಗೋಡೆಗೆ ನೀರೆರೆದು ಬಂದ ಮೇಲೆಯೇ ಅವಳು ತನ್ನ ಮುಖ ತೊಳೆಯುತ್ತಿದ್ದದ್ದು. ಕಂಪನಿಯ ತಂಡ ಹೋದ ಮರುಬೆಳಗ್ಗೆ, ಇಟ್ಟಿಗೆಯನ್ನು ಇನ್ನೂ ತೆಗೆದಿರಲಿಲ್ಲ. ಅವಳು ಎದ್ದವಳೇ ಕಣ್ಣಿನ ಪಿಸುರು ಕೂಡ ಒರೆಸಿಕೊಳ್ಳದೆ, ಕೊಡ ಎತ್ತಿಕೊಂಡು ಹೋಗಿ ಆ ಮೂಲೆಗೆ ನೀರು ಹೊಯ್ದಳು. ಕೈಗೆ ರೂಢಿಯಾದದ್ದನ್ನು ಕೈ ಮಾಡಿತು. ಬೂದಿ ಕರಗಿ ಪಾಯದ ಮೇಲೆ ಕರ್ರಗೆ ಇಳಿಯಿತು. ಇಟ್ಟಿಗೆ ಮೆಲ್ಲಗೆ ಜಾರಿ ಅವಳ ಕಾಲ ಬಳಿ ಬಿತ್ತು.

ಜಾಕೀಟು ಮತ್ತು ಫೋಟೋದವನು ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದರು.

"ಏನಮ್ಮಾ, ನೀರು ಹಾಕಿದ್ರೆ ಮನೆ ಚಿಗುರುತ್ತಾ?" ಎಂದ ಜಾಕೀಟು. ಫೋಟೋದವನಿಗೆ ನಗುವಿನಲ್ಲಿ ಚಹಾ ನೆತ್ತಿಗೇರಿತು. ಅತ್ತಿತ್ತಲಿನ ಗುಡಾರಗಳವರೂ ನಕ್ಕರು.

ಅವಳು ಇಟ್ಟಿಗೆಯನ್ನು ಎತ್ತಿ, ಅಂಟಿದ್ದ ಬೂದಿಯನ್ನು ಸೆರಗಿನಿಂದ ಒರೆಸಿ, ರಾಶಿಯ ಮೇಲಿಟ್ಟಳು. ಆಮೇಲೆ ಅವ್ವ ಕುಳಿತಿದ್ದ ಮೂಟೆಗಳ ಹತ್ತಿರ ಹೋಗಿ, ಸ್ವಲ್ಪ ಏಳು ಎಂದಳು. ಮೇಲಿನ ಮೂಟೆಯನ್ನು ಬೆರಳಿನಿಂದ ಒತ್ತಿದಳು, ಒತ್ತಿಸಿಕೊಳ್ಳಲಿಲ್ಲ. ಗುದ್ದಿದಳು, ಗೆಣ್ಣು ನೊಂದಿತು. ಥಂಡಿ ಹಿಡಿದು ಸಿಮೆಂಟು ಮೂಟೆಯೊಳಗೇ ಕಲ್ಲಾಗಿತ್ತು. ಮುದುಕಿಯ ಕುಂಡೆಯ ಗುರುತು ಕೂಡ ಅದರಲ್ಲಿ ಅಚ್ಚಾಗಿ ನಿಂತಿತ್ತು.

"ನೋಡಿದ್ಯಾ?" ಎಂದಳು ಅತ್ತೆ. "ಓಣಿಯಲ್ಲಿ ಗಟ್ಟಿಯಾಗಿ ಎದ್ದಿರೋದು ಇದೊಂದೇ. ಅದೂ ನನ್ನ ದಯೆಯಿಂದ."

ಹೆಂಡತಿ ನಗಲಿಲ್ಲ. ಅಡಿಯ ಮೂಟೆಗಳು ಇನ್ನೂ ಮೆತ್ತಗಿದ್ದವು. ಆ ದಿನ ಮೇಸ್ತ್ರಿ ಊಟಕ್ಕೆ ಕುಳಿತಾಗ, ಮುಂದಿನ ಸಲ ಬೂದಿ ಕಲಸುವುದಿಲ್ಲ ಎಂದಳು. ಅವನು, ಕೂಲಿ ಹೋಗುತ್ತದೆ, ರೇಷನ್ನು ಹೋಗುತ್ತದೆ, ಇಟ್ಟಿಗೆಯನ್ನೂ ಹೊತ್ತುಕೊಂಡು ಬೇರೆ ಓಣಿಗೆ ಹೋಗುತ್ತಾರೆ, ಅತ್ತೆಗೆ ಕೊಟ್ಟ ಮಾತು ಗಾಳಿಗೆ ಹೋಗುತ್ತದೆ ಎಂದು ಒಂದೊಂದಾಗಿ ಹೇಳಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ನೀನು ಯಾವತ್ತಾದ್ರೂ ನಾನು ಕಲಸಿದ ಬಾಂಡ್ಲಿ ಒಳಗೆ ಇಣುಕಿ ನೋಡಿದ್ದೀಯಾ? ಇಲ್ಲ. ಹಾಗೇ ಇರು. ಏನು ಕಲಸಿದೆ ಅನ್ನೋದು ನನ್ನ ಪಾಪ."

ಮುಂದಿನ ತಂಡ ಬಂದಾಗ ಎಲ್ಲವೂ ಯಥಾಪ್ರಕಾರ ನಡೆಯಿತು. ಅತ್ತೆಯ ಹಲ್ಲು ಚೀಲ ಸೇರಿತು. ಅತಿಥಿ ತೋಳು ಮಡಚಿಕೊಂಡು ಸಿದ್ಧನಾದ. ಮೇಸ್ತ್ರಿ ಕರಣೆಯನ್ನು ಬಾಂಡ್ಲಿಗೆ ಇಳಿಸಿದ. ಕೂಡಲೇ ಅವನ ಮಣಿಕಟ್ಟಿಗೆ ಗೊತ್ತಾಯಿತು. ಬೂದಿಗೆ ಈ ತೂಕವಿಲ್ಲ, ಈ ಹಿಡಿತವಿಲ್ಲ. ಎಷ್ಟೋ ದಿನಗಳ ಮೇಲೆ ಕರಣೆಗೆ ನಿಜವಾದ ಮಾಲು ಸಿಕ್ಕಿತ್ತು. ಮಾಲು ಸರಿಯಿಲ್ಲವೆಂದು ಒಂದು ಮಾತು ಹೇಳಿ ಚೆಲ್ಲಿಬಿಡಬಹುದಾಗಿತ್ತು. ಅವನು ಹೆಂಡತಿಯ ಮುಖ ನೋಡಿದ. ಅವಳು ಹೊಳೆಯನ್ನು ನೋಡುತ್ತಿದ್ದಳು. ಎಲ್ಲರೂ ಕಾಯುತ್ತಿದ್ದರು. ಅವನು ಮಾಲು ಹರಡಿದ. ಅತಿಥಿ ಇಟ್ಟಿಗೆಯನ್ನು ಸೊಟ್ಟಗೆ ಇಟ್ಟು ಕೈ ಒರೆಸಿಕೊಂಡ. ಮೇಸ್ತ್ರಿ ಬಗ್ಗಿ, ಅದನ್ನು ಗೋಡೆಯ ನೇರಕ್ಕೆ ಬಿಗಿದು ಕಟ್ಟಿದ್ದ ದಾರಕ್ಕೆ ಸರಿಯಾಗಿ ತಂದು, ಕರಣೆಯ ಹಿಡಿಯಿಂದ ನಾಲ್ಕು ಸಲ ಕುಟ್ಟಿ ಕೂರಿಸಿದ. ಬೂದಿಯ ಇಟ್ಟಿಗೆಗಳನ್ನು ಅವನೆಂದೂ ಕುಟ್ಟಿರಲಿಲ್ಲ.

ಮರುಬೆಳಗ್ಗೆ ಅವಳು ನೀರೆರೆದಳು. ಇಟ್ಟಿಗೆ ಕುಡಿಯಿತು, ಕದಲಲಿಲ್ಲ.

ಮಧ್ಯಾಹ್ನ ಜಾಕೀಟು ಅವಸರದಲ್ಲಿ ಬಂದ. ನಾಳೆ ಎಲ್ಲರಿಗಿಂತ ದೊಡ್ಡ ಅತಿಥಿ, ಸಂಸ್ಥೆಗೆ ಹಣ ಕೊಡುವವರಲ್ಲೆಲ್ಲ ಹಿರಿಯ, ಮೂಲೆ ಖಾಲಿ ಮಾಡಿ ಎಂದ. ಮೇಸ್ತ್ರಿ ಇಟ್ಟಿಗೆಯನ್ನು ಎರಡು ಕೈಯಿಂದ ಅಲ್ಲಾಡಿಸಿ ತೋರಿಸಿದ, ಅದು ಅಲ್ಲಾಡಲಿಲ್ಲ. ಜಾಕೀಟು ನಂಬದೆ ತಾನೇ ಒದ್ದ. ಆಮೇಲೆ ಒಂಟಿ ಕಾಲಿನಲ್ಲಿ ಕುಣಿಯುತ್ತ, ಬೂಟು ಬಿಚ್ಚಿ, ಹೆಬ್ಬೆರಳನ್ನು ಹಿಡಿದುಕೊಂಡು ಕುಳಿತ. ಓಣಿ ಹತ್ತಿರ ಬಂತು. ಸುತ್ತಿಗೆ ತನ್ನಿ ಎಂದು ಅವನು ಕೂಗಿದ. ಆ ಓಣಿಯಲ್ಲಿ ಗಾರೆಯವರೂ ಬಡಗಿಗಳೂ ಇದ್ದರು, ಸುತ್ತಿಗೆ ಮಾತ್ರ ಯಾರಲ್ಲಿಯೂ ಇರಲಿಲ್ಲ. ಎಲ್ಲ ಹೊಳೆಗೆ ಹೋಯಿತು ಸಾರ್ ಎಂದರು. ಮೀನಿನವಳು ಅತಿ ಗಂಭೀರ ಮುಖ ಮಾಡಿಕೊಂಡು ಅಲ್ಲೇ ನೆಲದಲ್ಲಿ ಕುಳಿತಿದ್ದಳು. ಅವಳ ಸೀರೆಯ ಅಂಚಿನಡಿಯಿಂದ ಸುತ್ತಿಗೆಯ ಹಿಡಿಯೊಂದು ಇಣುಕುತ್ತಿತ್ತು.

ಜಾಕೀಟಿನ ವಿನಯ ಮುಗಿಯಿತು. ಈ ಓಣಿಯೇ ಬೇಡ ಎಂದ. ಕೃತಜ್ಞತೆ ಇಲ್ಲದವರಿಗೆ ರೇಷನ್ನೂ ಇರುವುದಿಲ್ಲ ಎಂದ.

"ನಾಳೆ ಬೆಳಗ್ಗೆ ನಾನು ಬರೋ ಹೊತ್ತಿಗೆ ಆ ಇಟ್ಟಿಗೆ ಅಲ್ಲಿ ಕಾಣಿಸಬಾರದು."

ಮೇಸ್ತ್ರಿ ಅತ್ತೆಯ ಕಡೆ ನೋಡಿದ. ಅವಳು ಚೀಲದಿಂದ ಹಲ್ಲಿನ ಸೆಟ್ಟು ತೆಗೆದು, ಊದಿ, ಬಾಯಿಗಿಟ್ಟುಕೊಳ್ಳುತ್ತಿದ್ದಳು.

"ಆಯ್ತು ಸಾರ್. ಕಾಣಿಸದ ಹಾಗೆ ಮಾಡ್ತೀನಿ," ಎಂದ ಮೇಸ್ತ್ರಿ.

ಜಾಕೀಟು ಕುಂಟುತ್ತ ಹೋದ ಮೇಲೆ ಓಣಿಯಲ್ಲಿ ಜಗಳವಾಯಿತು. ಕಟ್ಟೋಣ ಎಂದ ಮೇಸ್ತ್ರಿಗೆ, ನಿನ್ನ ಮನೆಗೆ ನಾವೇಕೆ ಮಣ್ಣು ಹೊರಬೇಕು ಎಂದು ಗಂಡಸರು ಕೇಳಿದರು. ರೇಷನ್ನು ನಿಂತರೆ ನೀನು ಕೊಡುತ್ತೀಯಾ ಎಂದರು. ಕೇಳಿದ್ದು ತಪ್ಪಾಗಿರಲಿಲ್ಲ. ಅವನ ಹೆಂಡತಿ ಬಾಂಡ್ಲಿಯನ್ನು ನೆಲಕ್ಕೆ ಕುಕ್ಕಿದಳು.

"ಮನೆ ಮಾತು ಆಮೇಲೆ. ಮೊದಲು ಬಾಗಿಲು ನಿಲ್ಲಿಸೋಣ. ಗೋಡೆ ಒಳಗಡೆ ಮೊದಲನೇ ಮೂಲೆ ಎಲ್ಲರ ಬಚ್ಚಲು. ಮಿಕ್ಕ ಇಟ್ಟಿಗೇಲಿ ಪಕ್ಕದವರ ಗೋಡೆ. ಇಟ್ಟಿಗೆ ಮುಗಿದ ದಿನ ಮುಗೀತು, ಆಮೇಲೆ ಬೇಡೋಕೆ ಹೋಗೋಣ, ಎಲ್ಲರೂ ಒಟ್ಟಿಗೇ ಹೋಗೋಣ."

ಮೀನಿನವಳು ಎದ್ದು, ಅಡಿಯಲ್ಲಿದ್ದ ಸುತ್ತಿಗೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟಳು.

"ಇನ್ನೊಬ್ಬಳ ಸ್ನಾನಕ್ಕೆ ಬಾಗಿಲು ಹೊತ್ತು ಹೊತ್ತು ನನ್ನ ರಟ್ಟೆ ಬಿದ್ದುಹೋಗಿದೆ. ಗಂಡಸರಿಗೆ ಬೇಡದಿದ್ರೆ ಬೇಡ. ಹೊಳೆ ನೋಡ್ತಾ ಕೂತಿರಲಿ, ಅಭ್ಯಾಸ ಇದೆ."

ಅದರ ಮೇಲೆ ಗಂಡಸರು ಕೂತಿರುವುದು ಸಾಧ್ಯವಾಗಲಿಲ್ಲ. ಮರುದಿನ ನಸುಕಿನ ಮಬ್ಬು ಬೆಳಕಿಗೇ ಕೆಲಸ ಶುರುವಾಯಿತು. ಮೆತ್ತಗಿದ್ದ ಮೂಟೆಗಳು ಬಿಚ್ಚಿಕೊಂಡವು, ಮುದುಕಿಯ ಗುರುತಿದ್ದ ಕಲ್ಲುಮೂಟೆಯನ್ನು ಹೊರಳಿಸಿ ತಂದು ಹೊಸ್ತಿಲ ಮುಂದೆ ಮೆಟ್ಟಿಲಾಗಿ ಹಾಕಿದರು. ಬಡಗಿಗಳು ಬಾಗಿಲನ್ನು ಪಾಯದ ಮೇಲೆ ನಿಲ್ಲಿಸಿ ಬೀಳದಂತೆ ಆನಿಕೆ ಕೊಟ್ಟರು. ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು ನೋಡಿದ. ಎಷ್ಟೋ ತಿಂಗಳುಗಳ ಮೇಲೆ ಅವನ ಬಾಯಿಂದ, ಮಾಲು, ಇಟ್ಟಿಗೆ, ಮಾಲು ಎಂಬ ಹಳೆಯ ಕೂಗು ಎದ್ದಿತು. ಅತ್ತೆ ಅವನ ಹಿಂದೆಯೇ ಕುಳಿತು ಪ್ರತಿ ಇಟ್ಟಿಗೆಗೂ ಒಂದು ಬೈಗುಳವನ್ನು ಸೇರಿಸುತ್ತಿದ್ದಳು. ಅಳಿಯನಿಗೆ ಅದು ಸಂಗೀತದಂತಿತ್ತು.

ದೊಡ್ಡ ಅತಿಥಿಯ ವಾಹನಗಳು ಬಂದಾಗ ಮೂಲೆಯ ಇಟ್ಟಿಗೆ ಎಲ್ಲಿಯೂ ಕಾಣಿಸುತ್ತಿರಲಿಲ್ಲ. ಅದರ ಎಡಕ್ಕೆ ಗೋಡೆ, ಬಲಕ್ಕೆ ಗೋಡೆ, ತಲೆಯ ಮೇಲೆ ಸಾಲು ಸಾಲು ಇಟ್ಟಿಗೆ. ಜಾಕೀಟಿನ ಮುಖದ ಬಣ್ಣ ಇಳಿಯಿತು. ಆದರೆ ಅತಿಥಿ ಚಪ್ಪಾಳೆ ತಟ್ಟಿದ್ದನ್ನು ಕಂಡು ಅವನೂ ತಟ್ಟಿದ. ಇದು ಸಮುದಾಯದ ಸಹಭಾಗಿತ್ವ, ಇದನ್ನು ತರಲು ತಾನು ಬಹಳ ಶ್ರಮಿಸಿದೆನೆಂದ. ಅತಿಥಿ ತಾನು ಇಡಬೇಕಾದ ಮೊದಲನೆಯ ಇಟ್ಟಿಗೆ ಎಲ್ಲಿ ಎಂದು ಕೇಳಿದ.

"ಮೊದಲನೇದು ಒಳಗೆ ಹೋಯ್ತು ಸಾರ್," ಎಂದ ಮೇಸ್ತ್ರಿ. "ಈಗಿರೋದೆಲ್ಲ ಕೆಲಸದ ಇಟ್ಟಿಗೆ. ಹಿಡೀರಿ."

ಅತಿಥಿ ಹಿಡಿದ. ಅತ್ತೆ ಹಲ್ಲಿನ ಅಷ್ಟೂ ಸಾಲು ತೋರಿಸಿ ನಕ್ಕು, ಇನ್ನೊಂದು ಕೊಟ್ಟಳು. ಅದನ್ನು ಇಟ್ಟು ಅವನು ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೊಂದು ಸಿದ್ಧವಿತ್ತು. ಫೋಟೋದವನು ತೆಗೆದು ಮುಗಿಸಿದ. ಮುದುಕಿ ಮುಗಿಸಲಿಲ್ಲ. ಹಿಡಿ ಮಗಾ, ಅಷ್ಟು ದೂರದಿಂದ ಬಂದಿದ್ದೀಯ, ಒಂದಕ್ಕೇ ಸುಸ್ತಾದ್ರೆ ಹೇಗೆ ಎನ್ನುತ್ತ ಕೊಡುತ್ತಲೇ ಹೋದಳು. ಅತಿಥಿಯ ಅಂಗಿ ಬೆನ್ನಿಗಂಟಿತು. ಕೊನೆಗೆ ಅವನು, ಇನ್ನೊಂದು ಕಡೆ ಕಾರ್ಯಕ್ರಮವಿದೆಯೆಂದು ನೆನಪಿಸಿಕೊಂಡು ವಾಹನ ಸೇರಿದ. ಅವನಿಟ್ಟ ಇಟ್ಟಿಗೆಗಳಲ್ಲಿ ಸೊಟ್ಟಗಿದ್ದವನ್ನು ಮೇಸ್ತ್ರಿ ನೇರ ಮಾಡಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಜಾಕೀಟು ಲಾರಿಯೊಂದಿಗೆ ಮರಳಿದ. ಉಳಿದ ಇಟ್ಟಿಗೆಯನ್ನು ತುಂಬಿಸಿ, ಕಟ್ಟಿದ್ದನ್ನು ಕೆಡವಿಸಿ, ಬೇರೆ ಓಣಿಗೆ ಒಯ್ಯಬೇಕೆಂದು ಅಪ್ಪಣೆಯಾಗಿತ್ತಂತೆ. ಇಟ್ಟಿಗೆಯ ರಾಶಿಯ ಮೇಲೆ ಮೀನಿನವಳೂ ಉಳಿದ ಹೆಂಗಸರೂ ಕುಳಿತು ಒಬ್ಬರಿಗೊಬ್ಬರು ತಲೆ ಬಾಚುತ್ತಿದ್ದರು. ಲಾರಿಯವನು ಅವರನ್ನು ನೋಡಿ, ಇಂಜಿನ್ನು ಆರಿಸಿ, ಬೀಡಿ ಹಚ್ಚಿದ. ಗಂಡಸರು ಮಾಲು ಹೊರುವುದನ್ನು ನಿಲ್ಲಿಸಲಿಲ್ಲ. ಮನೆ ಯಾರದೋ ಅವರನ್ನೇ ಕೇಳಿ ಎಂದು ಬಾಗಿಲ ಕಡೆ ತೋರಿಸಿದರು.

ಗೋಡೆ ಇನ್ನೂ ಮೊಣಕಾಲಿನಷ್ಟೇ ಎತ್ತರವಿತ್ತು. ಅದರ ನಡುವೆ ಬಾಗಿಲು ಮಾತ್ರ ಆಳೆತ್ತರಕ್ಕೆ ನಿಂತು ಮುಚ್ಚಿಕೊಂಡಿತ್ತು. ಎಡದಿಂದಲೂ ಒಳಗೆ ಹೋಗಬಹುದಿತ್ತು, ಬಲದಿಂದಲೂ ಹೋಗಬಹುದಿತ್ತು. ಎಲ್ಲಿಂದಲೋ ಬಂದ ಆಡೊಂದು ಆಗಲೇ ಗೋಡೆ ಜಿಗಿದು ಹೋಗಿ ಮುದುಕಿಯ ಪಕ್ಕದಲ್ಲಿ ಮೆಲುಕು ಹಾಕುತ್ತಿತ್ತು. ಜಾಕೀಟು ಕುಂಟುತ್ತ ಬಂದು, ಕಲ್ಲಾದ ಮೂಟೆಯ ಮೆಟ್ಟಿಲನ್ನು ಹತ್ತಿದ. ಒಂದು ಕ್ಷಣ ಅತ್ತಿತ್ತ ನೋಡಿದ. ಆಮೇಲೆ ಕೈಯೆತ್ತಿ ಬಾಗಿಲು ತಟ್ಟಿದ.

ಒಳಗಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

"ಯಾರದು?"

"ನಾನು ಅಜ್ಜಿ. ಸಂಸ್ಥೆಯಿಂದ. ಸ್ವಲ್ಪ ಬಾಗಿಲು ತೆಗೀರಿ, ಮಾತಾಡೋದಿದೆ."

"ಕಾಯ್ತಿರು."

"ಎಷ್ಟು ಹೊತ್ತು ಅಜ್ಜಿ?"

"ನಾವು ಕಾದಷ್ಟು."

ಜಾಕೀಟು ಅಲ್ಲೇ ನಿಂತ. ಮೇಸ್ತ್ರಿ ನೆನೆದ ಇಟ್ಟಿಗೆಯೊಂದನ್ನು ಎತ್ತಿಕೊಂಡು ಬಂದವನು, ಒಂದು ಕಣ್ಣು ಮುಚ್ಚಿ ದಾರದ ಉದ್ದಕ್ಕೂ ದೃಷ್ಟಿ ಹಾಯಿಸಿದ.

"ಒಂಚೂರು ಆಚೆ ನಿಲ್ಲಿ ಸಾರ್," ಎಂದ. "ದಾರಕ್ಕೆ ಅಡ್ಡ ಬರ್ತಿದ್ದೀರಿ."